ಶಿವಗಂಗಾ ಮೇಡಂ ಹೇಳುತ್ತಿದ್ದ ಬೆಳವಣಿಗೆಯ ಪಾಠ

ಶಿವಗಂಗಾಳ ಮನೆ ಇಳಕಲ್ಲಿನಲ್ಲಿ. ನೌಕರಿ ಮಾತ್ರ ಬೇರೆ ಎರಡು ಊರಿಗೆ ಹಂಚಿಹೋಗಿತ್ತು. ವಾರದ ಮೊದಲ ಮೂರು ದಿನ ಹುನಗುಂದದ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ, ಉಳಿದ ಮೂರು ದಿನ ಬಾದಾಮಿಯ ಬಿ.ಎಡ್. ಕಾಲೇಜಿನಲ್ಲಿ ಮಕ್ಕಳ ಮನೋವಿಜ್ಞಾನ. ಎರಡೂ ಕಡೆ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ಅರ್ಜಿ, ಹೊಸದಾಗಿ ಸಂದರ್ಶನ, ಅದೇ ಹಳೆಯ ಕುರ್ಚಿ. ಕಿವಿಯ ಮೇಲಿನ ಕೂದಲು ನೆರೆಯತೊಡಗಿದ್ದರೂ ಹುದ್ದೆ ಇದ್ದಲ್ಲೇ ಇತ್ತು.

ಎರಡೂ ಊರಲ್ಲಿ ಅವಳ ಮೊದಲ ಪಾಠ ಹೆಚ್ಚುಕಡಿಮೆ ಒಂದೇ. ಹುನಗುಂದದಲ್ಲಿ ‘ಆರ್ಥಿಕ ಬೆಳವಣಿಗೆ ಮತ್ತು ಅಭಿವೃದ್ಧಿ’, ಬಾದಾಮಿಯಲ್ಲಿ ‘ಮಗುವಿನ ಬೆಳವಣಿಗೆ ಮತ್ತು ವಿಕಾಸ’. ಅಲ್ಲಿ ದೇಶದ ಉತ್ಪನ್ನ ಹೆಚ್ಚುವುದು ಬೆಳವಣಿಗೆ, ಜನರ ಬದುಕು ಹಸನಾಗುವುದು ಅಭಿವೃದ್ಧಿ. ಇಲ್ಲಿ ಎತ್ತರ, ತೂಕ ಏರುವುದು ಬೆಳವಣಿಗೆ. ಬುದ್ಧಿ, ಮಾತು, ನಡತೆ ಮಾಗುವುದು ವಿಕಾಸ. “ಬೆಳವಣಿಗೆಯನ್ನು ಅಳೆಯಬಹುದು, ಉಳಿದದ್ದನ್ನು ಹತ್ತಿರದಿಂದ ನೋಡಿ ತಿಳಿಯಬೇಕು” ಎಂದು ಎರಡೂ ಕಡೆ ಬರೆಸುತ್ತಿದ್ದಳು. ಎಷ್ಟು ವರ್ಷ ಬರೆಸಿದ್ದಳೆಂದರೆ, ಹೇಳುವಾಗ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ.

ಒಮ್ಮೆ ಹುನಗುಂದದಲ್ಲಿ ಅರ್ಧ ಗಂಟೆ ಪಾಠ ಹೇಳಿದ ಮೇಲೆ ಹಿಂದಿನ ಬೆಂಚಿನ ದುಂಡೇಶ ಎದ್ದು ನಿಂತ.

“ಮೇಡಂ, ತಪ್ಪು ತಿಳ್ಕೋಬ್ಯಾಡ್ರಿ. ಬೆಳವಣಿಗಿ ತಲಿಯಿಂದ ಕಾಲಿನ ಕಡೆ ಆಗ್ತದ ಅಂದ್ರಲ್ರಿ, ಅದು ದೇಶಕ್ಕೂ ಹಂಗ ಐತೇನ್ರಿ?”

ತರಗತಿಯೆಲ್ಲ ನಕ್ಕಿತು. ಅಂದು ಬುಧವಾರ. ಅವಳು ಬಾದಾಮಿಯಲ್ಲಿ ಹೇಳಬೇಕಾದ ಗುರುವಾರದ ಪಾಠ ಹೇಳುತ್ತಿದ್ದಳು. ಅವಳೂ ನಕ್ಕಳು. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ನಗು ಬರಲಿಲ್ಲ. ಮೈಯೆಲ್ಲ ಗೋಣಿಚೀಲದಂತೆ ಭಾರವಾಗಿತ್ತು.

ಮನೆಗೆ ಬಂದರೆ ಗಂಡ ಅನಿಲಕುಮಾರ ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಬಂದು ಕೈಕಾಲಿನ ಧೂಳು ತೊಳೆಯುತ್ತಿರುತ್ತಿದ್ದ. ಅತ್ತೆ ಗುರುಲಿಂಗವ್ವ ರೊಟ್ಟಿ ಬಡಿದು ಮುಗಿಸಿರುತ್ತಿದ್ದಳು. ಒಂಬತ್ತನೆಯ ತರಗತಿಯ ಮಗಳು ಐಶ್ವರ್ಯ ಗೋಡೆಗೊರಗಿ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿರುತ್ತಿದ್ದಳು. ತಂಟೆ ತಕರಾರಿಲ್ಲದ ಹುಡುಗಿ. ಓಣಿಯ ತಾಯಂದಿರು ತಮ್ಮ ಮಕ್ಕಳಿಗೆ ಐಶ್ವರ್ಯಳನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು.

ಶಿವಗಂಗಾಗೆ ಮಾತ್ರ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. “ದಿನಾ ದಣದು ಬರಾಕಿ ನಾನು. ನೀ ಯಾಕ ಹಿಂಗ ದಣದವ್ರಂಗ ಬೀಳ್ತಿ? ಎದ್ದು ನೀರರ ತುಂಬು” ಎನ್ನುತ್ತಿದ್ದಳು. ಹುಡುಗಿ ಎದುರು ಮಾತಾಡದೆ ಎದ್ದು ಕೊಡ ಹಿಡಿಯುತ್ತಿದ್ದಳು, ಅರ್ಧ ತುಂಬಿದ ಕೊಡವನ್ನು ಎರಡು ಕಡೆ ಇಳಿಸಿ ಇಳಿಸಿ ತರುತ್ತಿದ್ದಳು.

ಆ ವರ್ಷ ಬಾದಾಮಿಯ ಬಿ.ಎಡ್. ವಿದ್ಯಾರ್ಥಿಗಳನ್ನು ಪಾಠ ಹೇಳಿ ಕಲಿಯಲೆಂದು ಅವರವರ ಊರಿನ ಹೈಸ್ಕೂಲುಗಳಿಗೆ ಕಳಿಸಿದರು. ಪ್ರತಿಯೊಬ್ಬರೂ ಒಂದು ಮಗುವನ್ನು ಆರಿಸಿಕೊಂಡು ಅದರ ಬೆಳವಣಿಗೆಯನ್ನು ಗಮನಿಸಬೇಕೆಂದು ಹೇಳಿದ್ದು ಶಿವಗಂಗಾಳೇ. ಇಳಕಲ್ಲಿನ ಗೀತಾಂಜಲಿ ಎಂಬ ವಿದ್ಯಾರ್ಥಿನಿಗೆ ಐಶ್ವರ್ಯ ಓದುವ ಶಾಲೆಯೇ ಸಿಕ್ಕಿತು.

ಶಾಲೆಗಳಿಂದ ಎಲ್ಲರೂ ಮರಳಿದ ಮೇಲೆ ಒಂದು ಮಧ್ಯಾಹ್ನ ಗೀತಾಂಜಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

“ಏನವ್ವಾ? ಬಾ ಒಳಗ.”

“ಮೇಡಂ, ನಾ ಒಂದು ಹುಡುಗಿನ್ನ ನೋಡಾಕ ಹಿಡದಿದ್ನಿರಿ. ಪ್ರಾರ್ಥನಾಕ್ಕ ನಿಂತಾಗ ಆರನೇ ಕ್ಲಾಸಿನ ಹುಡುಗಿ ತಪ್ಪಿ ಒಂಬತ್ತನೇ ಕ್ಲಾಸಿನ ಸಾಲಿನ್ಯಾಗ ನಿಂತಾಳ ಅನ್ಕೊಂಡಿದ್ನಿ. ಬಿಸಲಾಗೂ ಸ್ವೆಟರ್ ಹಾಕ್ಕೊಂಡ ಕುಂದರ್ತಾಳ್ರಿ. ಆಟಕ್ಕ ಬಿಟ್ರ ಕಟ್ಟಿ ಮ್ಯಾಲೆ ಕುಂತ ಮಲಗತಾಳ.” ಗೀತಾಂಜಲಿ ಸೆರಗಿನ ತುದಿ ಹಿಂಡಿದಳು. “ಆಮ್ಯಾಲೆ ಆಕಿ ಹೆಸರು, ಅವ್ವನ ಹೆಸರು ಕೇಳಿದ್ನಿರಿ. ನಿಮ್ಮ ಮಗಳರಿ ಮೇಡಂ.”

ಶಿವಗಂಗಾಗೆ ಮೊದಲು ಬಂದದ್ದು ಸಿಟ್ಟು. “ನಮ್ಮ ಮನ್ಯಾಗ ಎಲ್ಲಾರೂ ಗಿಡ್ಡನ. ನಮ್ಮತ್ತಿನ್ನ ನೋಡಿದ್ರ ಏನಂತಿದ್ದಿ? ನಿನ್ನ ಕೆಲಸ ನೋಡ್ಕೋ ಹೋಗು” ಎಂದುಬಿಟ್ಟಳು. ಗೀತಾಂಜಲಿ ತಲೆ ತಗ್ಗಿಸಿ ಹೋದಳು.

ಸಂಜೆಯ ಬಸ್ಸಿನಲ್ಲಿ ಅಂದು ಸೀಟು ಸಿಕ್ಕಿತ್ತು. ಅಂಥ ದಿನ ಗುಳೇದಗುಡ್ಡ ಬರುವ ಮೊದಲೇ ಅವಳಿಗೆ ನಿದ್ದೆ ಹತ್ತುತ್ತಿತ್ತು. ಅಂದು ಹತ್ತಲಿಲ್ಲ. ಅಮೀನಗಡದಲ್ಲಿ ಜನ ಇಳಿದು ಹತ್ತುವುದನ್ನು ನೋಡುತ್ತ ಕೂತಳು. ಐಶ್ವರ್ಯಳಿಗೆ ಕೊನೆಯ ಸಲ ಹೊಸ ಸಮವಸ್ತ್ರ ಹೊಲಿಸಿದ್ದು ಯಾವಾಗ? ಏಳನೆಯ ತರಗತಿಯಲ್ಲಿ. ಅದೇ ಇನ್ನೂ ನಡೆದಿತ್ತು. ಬಟ್ಟೆಯನ್ನು ಜೋಪಾನ ಮಾಡುತ್ತಾಳೆಂದು ತಾನೇ ನಾಲ್ಕು ಜನರ ಮುಂದೆ ಹೊಗಳಿದ್ದಳು.

ಮನೆಯ ಮುಂದೆ ಐಶ್ವರ್ಯ, ಪಕ್ಕದ ಮನೆಯ ನಾಹಿದಾಳ ಜೊತೆ ನಿಂತು ಏನೋ ಕೇಳುತ್ತಿದ್ದಳು. ಇಬ್ಬರೂ ಒಂದೇ ವಾರಗೆಯವರು. ಅಂಗನವಾಡಿಗೆ ಕೈಕೈ ಹಿಡಿದು ಹೋದವರು. ಈಗ ನಾಹಿದಾಳ ಭುಜದ ಕೆಳಗೆ ಐಶ್ವರ್ಯಳ ನೆತ್ತಿ ಇತ್ತು. ದಿನವೂ ಕಣ್ಣೆದುರೇ ಇದ್ದ ನೋಟ. ಶಿವಗಂಗಾ ಬ್ಯಾಗು ಹಿಡಿದುಕೊಂಡೇ ಓಣಿಯಲ್ಲಿ ನಿಂತುಬಿಟ್ಟಳು.

“ಯಾಕ ಮಮ್ಮಿ? ಏನಾತು?” ಎಂದಳು ಮಗಳು. ದನಿ ನೆಗಡಿಯಾದವರಂತೆ ಗೊಗ್ಗರಾಗಿತ್ತು. ಅದು ಎಂದಿನಿಂದ ಹಾಗಿದೆಯೋ ತಾಯಿಗೆ ನೆನಪಾಗಲಿಲ್ಲ.

ಊಟಕ್ಕೆ ಕೂತಾಗ ಮಾತು ತೆಗೆದಳು. ಬಾಗಲಕೋಟೆಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿಕೊಂಡು ಬರೋಣವೆಂದಳು.

“ಅಯ್ಯ, ಗಿಡ್ಡಿದ್ರ ಏನಾತ? ನಾ ಗಿಡ್ಡಿಲ್ಲೇನು? ನಿಮ್ಮ ಮಾವ ನನ್ನ ಬಿಟ್ಟು ಹೋದ್ನೇನು?” ಎಂದಳು ಗುರುಲಿಂಗವ್ವ. “ಹೆಣ್ಣಹುಡುಗಿನ್ನ ದವಾಖಾನಿಗೆ ತಿರಗಾಡ್ಸಿದ್ರ ನಾಳೆ ಮಂದಿ ಏನಂದಾರು?”

ಅನಿಲಕುಮಾರ ರೊಟ್ಟಿ ಮುರಿಯುತ್ತ, “ಯಾರಿಗೈತಿ ಟೈಮು? ಲಾರಿ ಲೋಡ್ ಆಗೂದೈತಿ ಈ ವಾರ” ಎಂದ.

“ನೀವೇನ್ ಬರಬ್ಯಾಡ್ರಿ. ನಾ ಕರ್ಕೊಂಡ ಹೋಗ್ತೇನಿ.”

ಆ ಮಾತಿನಲ್ಲಿ ಜಗಳವಿರಲಿಲ್ಲ. ಜಗಳಕ್ಕೆ ಬೇಕಾದ ಕಸುವೂ ಅವಳಲ್ಲಿ ಇರಲಿಲ್ಲ. ಅನಿಲಕುಮಾರ ತಲೆಯೆತ್ತಿ ಹೆಂಡತಿಯ ಮುಖ ನೋಡಿದ, ಮತ್ತೆ ರೊಟ್ಟಿ ಮುರಿದ.

ಬಾಗಲಕೋಟೆಯ ಡಾಕ್ಟರು ವಯಸ್ಸಾದ ಹೆಂಗಸು. ಐಶ್ವರ್ಯಳ ಕುತ್ತಿಗೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ಒಣಗಿದ ಮೊಣಕೈ ನೋಡಿದರು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ರಕ್ತ ಪರೀಕ್ಷೆಗೆ ಬರೆದರು, ಅಂಗೈಯ ಎಕ್ಸ್‌ರೇ ತೆಗೆಸಿದರು. ವರದಿ ಬಂದ ದಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು.

“ಥೈರಾಯ್ಡ್ ಗ್ರಂಥಿ ಕೆಲಸಾನ ಮಾಡವಲ್ದು ನೋಡ್ರಿ. ಅದಕ್ಕ ಹುಡುಗಿ ಬೆಳೆಯೂದು ನಿಂತೈತಿ. ಥಂಡಿ, ನಿದ್ದಿ, ಸುಸ್ತು, ಎಲ್ಲಾ ಅದರದ. ವಯಸ್ಸು ಹದಿನಾಲ್ಕು, ಎಲುಬು ಇನ್ನೂ ಹತ್ತು ವರ್ಷದಾಕಿದು.”

ಶಿವಗಂಗಾ ಎಕ್ಸ್‌ರೇಯತ್ತ ಬಗ್ಗಿದಳು. “ಇನ್ನ ಬೆಳೆಯೂದಿಲ್ಲೇನ್ರಿ?”

“ಎಲುಬು ಹಿಂದ ಉಳದದ್ದ ಚಲೋ ಆತು. ಅದರ ತುದಿ ಇನ್ನೂ ಕೂಡಿಲ್ಲ. ಬೆಳೀಲಿಕ್ಕೆ ಜಾಗ ಐತಿ. ಪೂರಾ ಎತ್ತರ ಸಿಗ್ತದ ಅಂತ ನಾ ಹೇಳೂದಿಲ್ಲ. ದಿನಾ ಮುಂಜಾನೆ ಖಾಲಿ ಹೊಟ್ಟಿಲೆ ಒಂದು ಗುಳಿಗಿ, ಬಿಡೂ ಹಂಗಿಲ್ಲ. ಜೀವ ಇರೂತನಕ.” ಆಮೇಲೆ ಕೇಳಿದರು, “ಎಷ್ಟು ವರ್ಷಾತು ಹುಡುಗಿಗೆ ಈ ಸುಸ್ತು?”

ಶಿವಗಂಗಾ ಮಗಳ ಕಡೆ ನೋಡಿದಳು. ಐಶ್ವರ್ಯ ಮೆಲ್ಲಗೆ, “ಭಾಳ ದಿನ ಆತ್ರಿ. ಎಲ್ಲಾರಿಗೂ ಹಂಗ ಆಗ್ತದ ಅನ್ಕೊಂಡಿದ್ನಿ. ನಮ್ಮ ಮಮ್ಮಿಗೂ ಆಗ್ತೈತ್ರಿ” ಎಂದಳು.

“ನೀವೇನ್ ಮಾಡ್ತೀರಿ?” ಎಂದು ಡಾಕ್ಟರು ತಾಯಿಯ ಕಡೆ ತಿರುಗಿದರು.

“ನೌಕರಿ ಐತ್ರಿ” ಎಂದಳಷ್ಟೇ. ಏನು ಪಾಠ ಹೇಳುತ್ತೇನೆಂಬುದು ಬಾಯಿಂದ ಬರಲಿಲ್ಲ.

ಮುಂದಿನ ಗುರುವಾರ ಬಾದಾಮಿಯಲ್ಲಿ ಗೀತಾಂಜಲಿಯನ್ನು ಕಾರಿಡಾರಿನಲ್ಲೇ ನಿಲ್ಲಿಸಿ, “ನೀ ಹೇಳಿದ್ದು ಖರೆ ಆತವ್ವಾ. ಅವತ್ತು ನಾ ಹಂಗ ಮಾತಾಡಬಾರದಿತ್ತು” ಎಂದಳು. ಹುಡುಗಿ ಗಾಬರಿಯಾಗಿ, “ಇರ್ಲಿ ಬಿಡ್ರಿ ಮೇಡಂ, ಇರ್ಲಿ ಬಿಡ್ರಿ” ಎನ್ನುತ್ತ ಹಿಂದೆ ಸರಿದಳು. ಅದೇ ದಿನ ಹೊಸದಾಗಿ ಸೇರಿದವರ ತರಗತಿಯಲ್ಲಿ ಬೆಳವಣಿಗೆಯ ಪಾಠ ಬಂತು. ಹೇಳಬೇಕಾದ್ದನ್ನು ಹೇಳಿದಳು. ನಡುವೆ ಒಮ್ಮೆ ನೀರು ಕುಡಿದು ಮುಂದುವರಿಸಿದಳು.

ಗುಳಿಗೆ ಕೂಡಲೇ ಎತ್ತರ ಕೊಡಲಿಲ್ಲ. ಮೊದಲು ಹೋದದ್ದು ಸ್ವೆಟರು. ಆಮೇಲೆ ಹಗಲು ನಿದ್ದೆ ಹೋಯಿತು. ಅದರ ಹಿಂದೆ ಯಾರೂ ಎಣಿಸಿರದ ಸಂಗತಿ ಶುರುವಾಯಿತು. ಗೋಡೆಗೊರಗಿ ಕೂರುತ್ತಿದ್ದ ಹುಡುಗಿ ಒಂದು ಕಡೆ ಕೂರದಾದಳು. ಎದುರು ಮಾತು ಕಲಿತಳು. ಪಾಠದ ಮೇಲೆ ಲಕ್ಷ್ಯ ನಿಲ್ಲದೆ ಅರ್ಧವಾರ್ಷಿಕದಲ್ಲಿ ಅಂಕ ಇಳಿದವು. ಇಷ್ಟು ವರ್ಷ ಹೊಗಳಿದ ಮಾಸ್ತರರೇ ತಾಯಿಯನ್ನು ಕರೆಸಿ, “ಏನ್ರಿ ಮೇಡಂ, ಎಷ್ಟ ಶಾಣ್ಯಾ ಇದ್ಳು, ಏನಾತು ಇಕಿಗೆ?” ಎಂದು ಕೇಳಿದರು. ಓಣಿಯ ತಾಯಂದಿರು ಅವಳ ಹೆಸರು ಹೇಳುವುದನ್ನು ಬಿಟ್ಟರು.

“ಗುಳಿಗಿ ನುಂಗಿ ಕಾಲು ಬೆಳೆಯೂಕಿಂತ ಮೊದಲ ಬಾಯಿ ಬೆಳದೈತಿ” ಎಂದು ಗುರುಲಿಂಗವ್ವ ಗೊಣಗಿದಳು. ಆದರೆ ನಸುಕಿನಲ್ಲಿ ಗುಳಿಗೆ, ನೀರಿನ ತಂಬಿಗೆ ಹಿಡಿದು ಮೊಮ್ಮಗಳ ಹಾಸಿಗೆಯ ಹತ್ತಿರ ಬರುತ್ತಿದ್ದವಳು ಅವಳೇ. ಒಂದು ದಿನವೂ ತಪ್ಪಿಸಲಿಲ್ಲ.

ಒಮ್ಮೆ ಐಶ್ವರ್ಯ ಜಗಳ ತೆಗೆದು ತಟ್ಟೆ ಸರಿಸಿ ಎದ್ದುಹೋದಳು. ಶಿವಗಂಗಾ ಬೈಯದೆ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು. ಇದು ರೋಗದ ಹಿಂದೆ ಇಷ್ಟು ದಿನ ಅಡಗಿ ಕೂತಿದ್ದ ಮಗಳ ನಿಜವಾದ ಸ್ವಭಾವವೋ, ಅಥವಾ ಈ ವಯಸ್ಸಿನ ಎಲ್ಲ ಹುಡುಗಿಯರ ಹಾಗೋ? ಮಗಳ ಪರಿಚಯವನ್ನು ಮೊದಲಿಂದ ಮಾಡಿಕೊಳ್ಳಬೇಕಾಗಿತ್ತು. ಅದಕ್ಕೆ ಬೇಕಾದ ಹೊತ್ತು ಮಾತ್ರ ಎರಡು ಊರಿನ ಬಸ್ಸಿನಲ್ಲಿ ಕಳೆದುಹೋಗುತ್ತಿತ್ತು. ಒಂದು ಕಾಲೇಜು ಬಿಡೋಣವೆಂದು ಅನಿಲಕುಮಾರನಿಗೆ ಹೇಳಿದಳು. ಇಬ್ಬರೂ ಕೂತು ಮನೆಯ ಖರ್ಚಿನ ಲೆಕ್ಕ ಹಾಕಿದರು. ಬಿಡಲಾಗಲಿಲ್ಲ. ಭಾನುವಾರ ಮಾತ್ರ ಯಾರ ಮನೆಯ ಕಾರ್ಯವಿದ್ದರೂ ಹೋಗುವುದಿಲ್ಲವೆಂದು ನಿಶ್ಚಯಿಸಿದಳು. ಅದು ಮಗಳ ದಿನವಾಯಿತು.

ಮರುವರ್ಷದ ಹೊತ್ತಿಗೆ ಸಮವಸ್ತ್ರ ಮೊಣಕಾಲಿನ ಮೇಲೆ ಏರಿತು. ಹೊಸದು ಹೊಲಿಸಿದರು. ನಾಹಿದಾಳ ಸಮಕ್ಕೆ ಬರಲಿಲ್ಲ, ಬರಲಿಕ್ಕಿಲ್ಲವೆಂದು ಡಾಕ್ಟರು ಹೇಳಿಯೂ ಇದ್ದರು. ಆದರೆ ಅಜ್ಜಿಯನ್ನು ದಾಟಿದಳು. ದಾಟಿದ ದಿನ ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಒಂದು ಭಾನುವಾರ ತಾಯಿ ಮಗಳಿಬ್ಬರೇ ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ಹೋಗಿ ಬನಶಂಕರಿಗೆ ಕಾಯಿ ಒಡೆಸಿದರು. ಗುಡಿಯ ಹೊಂಡದ ಹತ್ತಿರದ ಕಲ್ಲುಕಂಬದ ಸಾಲುಮಂಟಪದಲ್ಲಿ ಕೂತರು. ಬುಟ್ಟಿ ಹೊತ್ತು ಬಂದ ಶಾರವ್ವ ಎಂಬಾಕೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿಸಿಕೊಂಡು ಉಂಡರು. ಐಶ್ವರ್ಯ ಶಾಲೆಯ ಸುದ್ದಿ, ನಾಹಿದಾಳ ಜೊತೆ ಮಾತು ಬಿಟ್ಟ ಸುದ್ದಿ, ಮತ್ತೆ ಕೂಡಿದ ಸುದ್ದಿ ಹೇಳುತ್ತಲೇ ಇದ್ದಳು. ನೆರಳು ತಂಪಾಗಿತ್ತು. ಶಿವಗಂಗಾ ಹೂಂಗುಟ್ಟುತ್ತ ಹೂಂಗುಟ್ಟುತ್ತ ಕಂಬಕ್ಕೊರಗಿದಳು. ಕಣ್ಣು ಯಾವಾಗ ಮುಚ್ಚಿತೋ ತಿಳಿಯಲಿಲ್ಲ.

ಎಚ್ಚರಾದಾಗ ಬಿಸಿಲು ಹೊಂಡದ ಆಚೆಯ ದಂಡೆಗೆ ಹೋಗಿತ್ತು. ಅವಳ ತಲೆಯ ಕೆಳಗೆ ಮಗಳ ದುಪಟ್ಟಾ ಮಡಚಿ ಇಟ್ಟಿತ್ತು. ಐಶ್ವರ್ಯ ಪಕ್ಕದಲ್ಲೇ ಕಾಲು ಚಾಚಿ ಕೂತು ನೀರಿಗೆ ಸಣ್ಣ ಕಲ್ಲು ಎಸೆಯುತ್ತಿದ್ದಳು.

“ಅಯ್ಯ, ಮೂರರ ಬಸ್ ಹೋತಲ್ಲ! ಯಾಕ ಎಬ್ಬಸಲಿಲ್ಲ?”

“ನೀ ಮಲಗಿದ್ದಿ” ಎಂದಳು ಐಶ್ವರ್ಯ. “ಇನ್ನೊಂದು ಬರ್ತೈತಿ ಬಿಡು.”

ಶಿವಗಂಗಾ ಏಳಲು ನೋಡಿದಳು. ಮೊಣಕಾಲು ಹಿಡಿದುಕೊಂಡಿದ್ದವು. ಮತ್ತೆ ಕಂಬಕ್ಕೊರಗಿ ಕೂತಳು.