ಕಾಪಿ ಮುಗಿಯಿತು ಎಂದ ಸರ್ವರ್

ಕೋವಿಡ್ ತಣ್ಣಗಾದ ಮರುವರ್ಷ. ನಾನು ರಾಮನಗರದಲ್ಲಿದ್ದುಕೊಂಡು ಸುತ್ತಲ ತಾಲ್ಲೂಕುಗಳ ಸರ್ವರ್ ರಿಪೇರಿ ನೋಡಿಕೊಳ್ಳುತ್ತಿದ್ದೆ. ಚನ್ನಪಟ್ಟಣದಲ್ಲಿ ಗೊಂಬೆ ಕಾರ್ಖಾನೆ ನಡೆಸುವ ನಸ್ರೀನ್ ಕರೆದರು.

ಆಕೆಯ ತಂದೆ ಬಾಬಾಜಾನ್ ಸಾಹೇಬರಿಗೆ ಕೈನಡುಕ ಹೆಚ್ಚುತ್ತಿತ್ತು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಮೂರು ಬಣ್ಣ ಒಂದರೊಳಗೊಂದು ಕರಗುವಂತೆ ಮಾಡುವುದು ಆ ಕಾರ್ಖಾನೆಯಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಕೈ ಸ್ಥಿರವಾಗಿದ್ದ ಒಂದು ಬೆಳಿಗ್ಗೆ ಮಗಳು ಅದರ ವಿಡಿಯೊ ಮಾಡಿ ಸರ್ವರಿಗೆ ಹಾಕಿದರು. ಕಾಪಿ ಮುಗಿಯಿತು ಎಂದು ಪರದೆ ತೋರಿಸಿತು. ಅದೇ ಗಳಿಗೆಗೆ ಕರೆಂಟು ಹೋಯಿತು.

ಬಣ್ಣ ಹಚ್ಚುತ್ತಿದ್ದ ಕೆಲಸಗಾರ ಕಲೀಮ್, ಅಲ್ಲಿ ಎಲ್ಲರೂ ಮಾಡುವಂತೆ, ಲೇತಿನ ವೈರನ್ನು ಸರ್ವರಿನ ಯುಪಿಎಸ್‌ಗೆ ಚುಚ್ಚಿದ.

“ಅರ್ಧಕ್ಕೆ ನಿಂತ್ರೆ ಪೀಸೇ ಹಾಳು ಸಾರ್. ಒಸಿ ಹೊತ್ತು ಅಂತ ಚುಚ್ಬುಟ್ಟೆ,” ಎಂದ, ನಾನು ಹೋದಾಗ.

ಭಾರ ತಾಳದೆ ಯುಪಿಎಸ್ ನಿಂತಿತು, ಸರ್ವರೂ ನಿಂತಿತು. ಕಾಪಿ ಆಗಿದೆಯಲ್ಲ ಎಂಬ ಧೈರ್ಯದಲ್ಲಿ ನಸ್ರೀನ್ ಕ್ಯಾಮೆರಾ ಕಾರ್ಡ್ ಅಳಿಸಿ, ಅದು ತುಂಬುವವರೆಗೆ ಬೇರೆ ಗೊಂಬೆಗಳ ವಿಡಿಯೊ ಮಾಡಿದರು. ಕರೆಂಟು ಬಂದ ಮೇಲೆ ಫೈಲಿನ ಹೆಸರಿತ್ತು, ವಿಡಿಯೊ ತೆರೆಯಲಿಲ್ಲ.

ಸರ್ವರಿನ ಡಿಸ್ಕುಗಳನ್ನು ನಡೆಸುವುದು ರೇಡ್ ಕಂಟ್ರೋಲರ್. ಅದಕ್ಕೆ ಕ್ಯಾಶ್ ಎಂಬ ಸ್ವಂತ ಮೆಮೊರಿಯಿದೆ. ರೈಟ್-ಬ್ಯಾಕ್ ಕ್ರಮದಲ್ಲಿ ದತ್ತಾಂಶ ಕ್ಯಾಶಿಗೆ ಬಂದೊಡನೆ ‘ಬರೆದಾಯಿತು’ ಎನ್ನುತ್ತದೆ. ಡಿಸ್ಕಿಗೆ ಬರೆಯುವುದು ಆಮೇಲೆ. ನಡುವೆ ಕರೆಂಟು ಹೋದರೆ ಕ್ಯಾಶಿನಲ್ಲಿರುವುದನ್ನು ಉಳಿಸಿಕೊಳ್ಳಲು ಪುಟ್ಟ ಬ್ಯಾಟರಿ ಇರುತ್ತದೆ. ಇಲ್ಲಿ ಅದು ಎಂದೋ ಸತ್ತಿತ್ತು. ಹಾಗಾದಾಗ ಕಂಟ್ರೋಲರ್ ತಾನಾಗಿ ಡಿಸ್ಕಿಗೆ ಬರೆದೇ ಉತ್ತರಿಸುವ ರೈಟ್-ಥ್ರೂ ಕ್ರಮಕ್ಕೆ ಬದಲಾಗಬೇಕು. ವೇಗದ ಆಸೆಗೆ ಯಾರೋ ಅದನ್ನು ತಡೆದಿದ್ದರು. ಹಾಗಾಗಿ ವಿಡಿಯೊದಲ್ಲಿ ಕ್ಯಾಶಿನಲ್ಲಿದ್ದ ಭಾಗ ಡಿಸ್ಕಿಗೆ ಸೇರದೆಯೇ ಅಳಿಸಿಹೋಗಿತ್ತು.

“ಆಯ್ತು ಅಂತ ಅದೇ ಹೇಳ್ತಲ್ಲ ಸಾರ್?” ನಸ್ರೀನ್ ಎರಡು ಮೂರು ಸಲ ಕೇಳಿದರು.

ಬಾಬಾಜಾನ್ ಸಾಹೇಬರು ಆಗ ಮೌನವಾಗಿದ್ದರು ಎಂದೇ ಬಹಳ ದಿನ ಹೇಳಿಕೊಂಡು ಬಂದೆ. ಹಾಗೆ ಹೇಳಿದರೆ ಕೇಳುವವರಿಗೆ ಹಿಡಿಸುತ್ತದೆ. ನಿಜಕ್ಕೂ ಅವರು ನಕ್ಕಿದ್ದರು.

“ಈ ಮಿಷನ್ನೂ ನಮ್ ಕಲೀಮನ ಥರಾನೇ ಬುಡಮ್ಮ. ಕೇಳಿದ್ರೆ ಆಗೋಯ್ತು ಬಾಬಾ ಅಂತಾನೆ, ನೋಡಿದ್ರೆ ಪೀಸ್ ಇನ್ನೂ ಬುಟ್ಟೀಲೇ ಐತೆ.”

ನಾನು ಅಲ್ಲಿರುವಾಗಲೇ ಮತ್ತೆ ಲೇತಿಗೆ ಕೂತರು. ಕಡ್ಡಿ ಮರದ ಮೇಲೆ ಕುಣಿಯಿತು. ಮತ್ತೊಮ್ಮೆ ಒತ್ತಿದರು. ಕ್ಯಾಮೆರಾ ಹಿಡಿದಿದ್ದ ಮಗಳನ್ನು ನೋಡದೆ, “ನೀನ್ ಕೂತ್ಕೊ. ನಾನ್ ಹೇಳ್ತೀನಿ” ಎಂದರು.

ಯಂತ್ರ ಆಯಿತೆಂದರೆ ಎಲ್ಲಿಯವರೆಗೆ ಆಯಿತು ಎಂದು ಕೇಳಬೇಕು. ಪ್ರತಿಯನ್ನು ತೆರೆದು ಕೊನೆಯವರೆಗೆ ನೋಡದೆ ಮೂಲವನ್ನು ಅಳಿಸಬಾರದು. ಕೆಲಸ ಕಲಿಸಿದ್ದು ಇಷ್ಟು. ಈಗಿರುವ ವಿಡಿಯೊದಲ್ಲಿ ದನಿ ತಂದೆಯದು, ಕೈ ಮಗಳದು. ಬಣ್ಣಗಳು ಕರಗಿ ಸೇರಬೇಕಾದ ಕಡೆ ಒಂದು ಗೆರೆ ಕಾಣುತ್ತದೆ.