ಟೈರು ಕುಡಿದ ನೀರು

ಗುಡ್ಡದ ದಾರಿಯಲ್ಲಿ ಓಡಾಡುವ ದಪ್ಪ ಚಕ್ರದ ಎಟಿವಿ ಗಾಡಿಗಳ ಟೈರು ಕೈಕೊಟ್ಟರೆ ಎಲ್ಲರೂ ಕರೆಯುವುದು ಪಂಚರ್ ಮಾಮನನ್ನೇ. ಟೈರಿನ ಸುತ್ತ ನೀರು ಬಿಟ್ಟು, ಗುಳ್ಳೆ ಏಳುವುದಿಲ್ಲವೆಂದು ಖಾತ್ರಿಯಾಗದೆ ಅವನು ಯಾರನ್ನೂ ಹೊರಡಗೊಡುತ್ತಿರಲಿಲ್ಲ.

ಅಂದು ಹೆಂಡತಿಯೊಡನೆ ಗುಡ್ಡ ಹತ್ತುವಾಗ ಅವನದೇ ಗಾಡಿಯ ಟೈರು ಗಾಳಿ ಇಳಿದು ಕೂತಿತು. ಸೌದೆಗೆ ಹೋದ ಅತ್ತೆ ಗುಡ್ಡದ ತುದಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದಾರೆಂದು ಫೋನು ಬಂದಿತ್ತು.

“ಬೇಗ ರೀ, ಅಮ್ಮ ಒಬ್ಬಳೇ ಇದ್ದಾಳೆ!” ಹೆಂಡತಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮುಳ್ಳು ಕಿತ್ತು, ತೂತಿಗೆ ರಬ್ಬರ್ ಬತ್ತಿ ತುರುಕಿ, ಗಾಳಿ ಹೊಡೆದು ಹೊರಟೇಬಿಟ್ಟ. ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ಚಪ್ಪಟೆ.

“ಊರವರ ಟೈರಿಗೆಲ್ಲ ನೀರು ಬಿಟ್ಟು ನೋಡ್ತೀರಿ. ನಮ್ಮದೇನು ಪಾಪ ಮಾಡಿತ್ತು?”

“ಬೆನ್ನ ಹಿಂದೆ ನಿಂತು ಅವಸರ ಮಾಡಿದ್ದು ಯಾರಮ್ಮಾ?”

ಅವನು ಮತ್ತೆ ಗಾಳಿ ಹೊಡೆದ. ಅವಳು ಅಮ್ಮನಿಗೆಂದು ತಂದ ನೀರನ್ನೇ ಟೈರಿನ ಸುತ್ತ ಸುರಿದಳು. ಒಳಬದಿಯಲ್ಲಿ ಗುಳ್ಳೆ ಎದ್ದಿತು. ಅಲ್ಲಿ ಇನ್ನೊಂದು ಮುಳ್ಳಿತ್ತು. ಆ ತೂತನ್ನೂ ಮುಚ್ಚಿ ಅವನು ಎದ್ದರೆ ಅವಳೇ ತಡೆದಳು.

“ದೇವರ ಹೆಸರು ಹೇಳಿ ಇನ್ನೊಂದು ಸುತ್ತು ನೋಡಿಬಿಡಿ.”

ತುದಿಯಲ್ಲಿ ಬಂಡೆಗೆ ಒರಗಿದ್ದ ಅತ್ತೆ ನರಳುತ್ತಲೇ ಅಂದರು, “ಅಳಿಯಂದಿರು ಬರೋಷ್ಟರಲ್ಲಿ ಮೂಳೆ ತಾನಾಗೇ ಕೂಡ್ಕೋತಿತ್ತು. ನೀರು ಕೊಡೇ.”

ತಳದಲ್ಲಿ ಉಳಿದ ಗುಟುಕನ್ನು ಮಗಳು ಬಾಯಿಗೆ ಹಿಡಿದಳು. “ಮಿಕ್ಕಿದ್ದು ನಿನ್ನ ಅಳಿಯನ ಟೈರು ಕುಡೀತಮ್ಮ.”

ಅವನು ಮಾತ್ರ ತಿರುಗಿ ತಿರುಗಿ ಟೈರನ್ನೇ ನೋಡುತ್ತಿದ್ದ. ಆಸ್ಪತ್ರೆಗೆ ಇಳಿಯಬೇಕಾದದ್ದೂ ಅದೇ ಮುಳ್ಳಿನ ದಾರಿ.