ಮೂರು ಬಿಲ್ಲೆಗಳ ಬೆನ್ನು ಹತ್ತಿ ಚಿಕ್ಕಮಗಳೂರಿಗೆ

ಸಂಸೆಯಿಂದ ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಬಸ್ಸು ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ಕಂಡಿಲ್ಲ. ಆ ಭಾನುವಾರ ಅದಕ್ಕೆ ಏನು ಬಡಿದಿತ್ತೋ, ಮೊದಲೇ ಬಂದು ಹಾರ್ನ್ ಹೊಡೆಯತೊಡಗಿತು. ಹೆಂಡತಿ ಸುಮಿತ್ರಾ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ನಾನು ದೇವರ ಕೋಣೆಗೆ ನುಗ್ಗಿ, ಪುಟ್ಟ ಸ್ಟೀಲ್ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು, "ಬರ್ತೀನೇ" ಎಂದು ಅಂಗಳದಿಂದಲೇ ಕೂಗಿ ಓಡಿದೆ. ಮುಚ್ಚಳ ತೆಗೆದು ನೋಡುವಷ್ಟು ವ್ಯವಧಾನ ಇರಲಿಲ್ಲ.

ಡಬ್ಬಿಯಲ್ಲಿದ್ದದ್ದು ಒಂದೇ ನಾಣ್ಯ. ಮೈಸೂರು ಅರಸರ ಕಾಲದ ಬೆಳ್ಳಿ ರೂಪಾಯಿ, ಎರಡೂ ಕಡೆ ಪರ್ಷಿಯನ್ ಅಕ್ಷರ. ಮೂಡಿಗೆರೆಯ ಅಕ್ಕಸಾಲಿಗರೊಬ್ಬರು ಕರಗಿಸಲು ಇಟ್ಟಿದ್ದನ್ನು ನಾನು ಕಾಡಿಬೇಡಿ ಕೊಂಡಿದ್ದೆ. ನನ್ನ ಹತ್ತಿರ ನೂರಾರು ನಾಣ್ಯಗಳಿದ್ದರೂ ಪ್ರಾಣ ಇದ್ದದ್ದು ಇದರ ಮೇಲೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಸುಮಿತ್ರಾ ಇದನ್ನೇ ಡಬ್ಬಿ ಸಮೇತ ಇಡುತ್ತಿದ್ದಳು, ಹಾಗಾಗಿ ಅದರ ಜಾಗ ದೇವರ ಕೋಣೆಯೇ ಆಗಿಹೋಗಿತ್ತು.

ಅಂಥ ನಾಣ್ಯವನ್ನು ಬಿಟ್ಟುಕೊಡಲು ಹೊರಟಿದ್ದೆ. ಹಿಂದಿನ ವರ್ಷದ ನಾಣ್ಯ ಪ್ರದರ್ಶನದಲ್ಲಿ ಮಂಗಳೂರಿನ ದಿನಕರ ರಾಯರೆಂಬ ವ್ಯಾಪಾರಿ ನನಗೆ ಮೂರು ತಾಮ್ರದ ಬಿಲ್ಲೆಗಳನ್ನು ತೋರಿಸಿದ್ದರು. ಬಾಳೂರಿನ ಆಚೆ ನನ್ನಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿನ ಬಿಲ್ಲೆಗಳು. ಹಣ್ಣು ಕುಯ್ದವರು ಸಂಜೆ ಅಳತೆ ಕೊಟ್ಟಾಗ ಅಪ್ಪ ಅವರ ಕೈಗೆ ಬಿಲ್ಲೆ ಹಾಕುತ್ತಿದ್ದರು; ವಾರದ ಕೊನೆಗೆ ಅದನ್ನು ತಂದುಕೊಟ್ಟರೆ ದುಡ್ಡು. ನಾನು ಅಂಗಿ ಹಾಕಲು ಕಲಿಯುವ ಮೊದಲೇ ಆ ಬಿಲ್ಲೆಗಳೊಂದಿಗೆ ಆಡಿ ಬೆಳೆದವನು. ಆಮೇಲೆ ತೋಟ ಕೈಬದಲಾಯಿತು, ಬಿಲ್ಲೆಗಳು ಕರಗಿ ಹಂಡೆ ಚೆಂಬುಗಳಾಗಿ ಹೋದವು. ಅಪ್ಪನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವರ ಕೈ ಮುಟ್ಟಿದ್ದು ಏನಾದರೂ ಉಳಿದಿದ್ದರೆ ಅದು ರಾಯರ ಪೆಟ್ಟಿಗೆಯಲ್ಲಿತ್ತು. ರಾಯರಿಗೆ ದುಡ್ಡು ಬೇಡ, ಮೈಸೂರು ರೂಪಾಯಿಯೇ ಬೇಕು. ಒಂದು ವರ್ಷ ಹೊಯ್ದಾಡಿ ಕೊನೆಗೆ ಕೊಡುವುದೆಂದು ತೀರ್ಮಾನಿಸಿದ್ದೆ.

ಕಳಸದಲ್ಲಿ ಬಸ್ಸು ತುಂಬಿತು. ಬಾಳೂರಿನಲ್ಲಿ ಇಬ್ರಾಹಿಂ ಹತ್ತಿದ. ಜೀಪು ರಿಪೇರಿ ಅವನ ಕಸುಬು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು, ಈಗ ಗಲ್ಫ್ ನಾಣ್ಯಗಳನ್ನು ಕೂಡಿಡುತ್ತಾನೆ. ಸೀಟು ಸಿಕ್ಕಿದ್ದೇ ತಡ, "ಏನು, ರೂಪಾಯಿ ತಂದ್ಯಾ, ಇಲ್ಲ ಮನಸು ಬದಲಾಯ್ತಾ?" ಎಂದ.

"ತಂದಿದ್ದೀನಿ, ನೀನು ಸುಮ್ನಿರು ಮಾರಾಯ" ಎಂದೆ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆವು. ಅವನು ನಾಲ್ಕು ತಿಂದ, ನನಗೆ ಎರಡೇ ಸೇರಿತು. ಹಿಂದಿನ ಮಳೆಗಾಲ ಇಲಿಜ್ವರ ಬಂದು ಮಂಗಳೂರಿನ ಆಸ್ಪತ್ರೆಯಲ್ಲಿ ಸಾವಿನ ಬಾಗಿಲು ತಟ್ಟಿ ಬಂದ ಮೇಲೆ ನನ್ನ ಹಸಿವು ಅಷ್ಟಕ್ಕಷ್ಟೇ. ಮೂಡಿಗೆರೆ ದಾಟುವಾಗ ಬಿಸಿಲು ಬಂತು. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಒಣಗುತ್ತಿತ್ತು. ಕಂಡಕ್ಟರ್ ಚಿಲ್ಲರೆಗಾಗಿ ಜಗಳ ಕಾಯುತ್ತಿದ್ದ, ಇಬ್ರಾಹಿಂ ಅವನ ಚೀಲಕ್ಕೆ ಇಣುಕಿ ಹಳೆಯ ಪೈಸೆ ಏನಾದರೂ ಇದೆಯೇ ಎಂದು ಕೇಳಿ ಬೈಸಿಕೊಂಡ.

ಪ್ರದರ್ಶನ ಚಿಕ್ಕಮಗಳೂರಿನ ಒಂದು ಕಲ್ಯಾಣಮಂಟಪದಲ್ಲಿತ್ತು. ಹಿಂದಿನ ದಿನದ ಮದುವೆಯ ಚಪ್ಪರದ ಬಾಳೆಕಂಬಗಳನ್ನು ಇನ್ನೂ ತೆಗೆದಿರಲಿಲ್ಲ. ಒಳಗೆ ಸಾಲು ಮೇಜು, ಗಾಜಿನ ಪೆಟ್ಟಿಗೆ, ಭೂತಗನ್ನಡಿ ಹಿಡಿದು ಬಗ್ಗಿದ ಬೆನ್ನುಗಳು. ಬಂದವರಲ್ಲಿ ಅರ್ಧ ಜನ ಮನೆಯಲ್ಲಿದ್ದ ತೂತುಕಾಸಿಗೆ ಎಷ್ಟು ಸಿಗುತ್ತದೆಂದು ತಿಳಿಯಲು ಬಂದವರು. "ನಮ್ಮಜ್ಜಿದು ಸರ್, ಲಕ್ಷಕ್ಕೆ ಹೋಗುತ್ತೆ ಅಂದ್ರು" ಎನ್ನುತ್ತಿದ್ದ ಒಬ್ಬರಿಗೆ ಮೇಜಿನವರು ಐದು ರೂಪಾಯಿ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ.

ರಾಯರು ನನ್ನನ್ನು ಕಂಡೊಡನೆ ಬಿಲ್ಲೆಗಳನ್ನು ಹೊರಗಿಟ್ಟರು. ಪೂರ್ತಿ ಅಳತೆಯದು, ಅರ್ಧದ್ದು, ಕಾಲು ಭಾಗದ್ದು. ಅರ್ಧದ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡೆ. "ಮಧ್ಯಾಹ್ನ ಇನ್ನೊಬ್ರು ಬರ್ತಾರೆ, ಅವರೂ ಕೇಳಿದ್ದಾರೆ. ನಿಮ್ಮದು ತೋರಿಸಿ" ಎಂದರು ರಾಯರು.

ಡಬ್ಬಿ ತೆಗೆದೆ. ಒಳಗೆ ಅರಿಸಿನದ ಬಟ್ಟೆಯ ಒಂದು ಪುಟ್ಟ ಗಂಟು. ಸವೆಯದಿರಲಿ ಎಂದು ಸುಮಿತ್ರಾ ಸುತ್ತಿಟ್ಟಿರಬೇಕು ಎಂದುಕೊಂಡು ಉಗುರು ಹಾಕಿದೆ. ಇಬ್ರಾಹಿಂ ನನ್ನ ಮಣಿಕಟ್ಟು ಹಿಡಿದ.

"ತಡಿ ಮಾರಾಯ. ಅದು ಮುಡಿಪಲ್ವಾ?"

ಹೌದು, ಮುಡಿಪೇ. ದೇವರಿಗೆ ಹರಕೆ ಹೇಳಿಕೊಂಡು ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿಟ್ಟರೆ, ಅದನ್ನು ದೇವಸ್ಥಾನಕ್ಕೆ ಮುಟ್ಟಿಸುವ ತನಕ ಯಾರೂ ಬಿಚ್ಚುವಂತಿಲ್ಲ. ಅದು ಆಗಲೇ ದೇವರ ಸೊತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕಟ್ಟಲು ಬೇರೆ ಚಿಲ್ಲರೆ ಸಿಗಲಿಲ್ಲವೇ ಇವಳಿಗೆ?

ರಾಯರು ದನಿ ತಗ್ಗಿಸಿ, "ಬೆಳ್ಳಿ ರೂಪಾಯಿ ಇನ್ನೊಂದು ನಾನೇ ಕೊಡ್ತೇನೆ, ಅದನ್ನು ಕಟ್ಟಿಡಿ. ರೂಪಾಯಿಗೆ ರೂಪಾಯಿ ಆಯ್ತಲ್ಲ" ಎಂದರು. ನನಗೂ ಅದು ಸರಿಯೆನಿಸಿತು, ಸುಳ್ಳೇಕೆ ಹೇಳಲಿ. ಇಬ್ರಾಹಿಂ ಮಾತ್ರ, "ಮೊದಲು ಮನೆಗೆ ಫೋನ್ ಮಾಡು" ಎಂದು ಹೊರಗೆ ದಬ್ಬಿದ.

ಎದುರಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಬಿಚ್ಚಿದ್ರಾ?" ಎಂದಳು.

"ಇಲ್ಲ. ಏನೇ ಇದು?"

"ನೀವು ಆಸ್ಪತ್ರೆಲಿದ್ದಾಗ ಕಟ್ಟಿದ್ದು. ಹೊರನಾಡಿನ ಅಮ್ಮನಿಗೆ. ಕುಯ್ಲು ಮುಗೀಲಿ, ಇಬ್ರೂ ಹೋಗಿ ಹಾಕೋಣ, ಆಮೇಲೆ ಹೇಳಿದ್ರಾಯ್ತು ಅಂತಿದ್ದೆ. ನೀವು ಇದನ್ನೇ ತಗೊಂಡು ಹೋಗ್ತೀರಿ ಅಂತ ಗೊತ್ತಿರಲಿಲ್ಲ."

"ಅದೇ ನಾಣ್ಯ ಯಾಕೆ? ಎಂಟಾಣೆ ಕಟ್ಟಿದ್ರೆ ಆಗ್ತಿರಲಿಲ್ವಾ? ನಿಂಗೆ ಗೊತ್ತಿರಲಿಲ್ವಾ ಅದು ನಂಗೆ ಎಂಥದ್ದು ಅಂತ?"

"ಗೊತ್ತಿದ್ದೇ ಕಟ್ಟಿದ್ದು" ಎಂದಳು ಸುಮಿತ್ರಾ. "ಡಾಕ್ಟ್ರು ಏನೂ ಹೇಳಕ್ಕಾಗಲ್ಲ ಅಂದ್ರು. ನಿಮ್ಮನ್ನ ಉಳಿಸಿಕೊಡು ಅಂತ ಕೇಳ್ತಾ ಎಂಟಾಣೆ ಹೇಗೆ ಕಟ್ಲಿ? ಮನೇಲಿ ನೀವು ತುಂಬಾ ಇಷ್ಟಪಡೋದು ಯಾವುದೋ ಅದನ್ನೇ ಕಟ್ಟಿದೆ." ಆಮೇಲೆ, "ನಿಮ್ಮಪ್ಪನ ಬಿಲ್ಲೆ ಅಲ್ವಾ. ಬೇಕೇಬೇಕು ಅಂದ್ರೆ ಬಿಚ್ಚಿ. ನಾನು ತಪ್ಪುಕಾಣಿಕೆ ಹಾಕ್ತೀನಿ" ಎಂದಳು.

ಬೂತಿನ ಮೀಟರು ಓಡುತ್ತಿತ್ತು. ನನ್ನಲ್ಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. "ಊಟ ಮಾಡಿದ್ಯಾ?" ಎಂದು ಕೇಳಿ ಫೋನ್ ಇಟ್ಟೆ.

ರಾಯರ ಮೇಜಿಗೆ ಹಿಂತಿರುಗಿ ಆಗುವುದಿಲ್ಲ ಎಂದೆ. ಅವರು ಬೇಸರಿಸಲಿಲ್ಲ, ಬಿಲ್ಲೆಗಳನ್ನು ಇನ್ನೊಮ್ಮೆ ನೋಡಲು ಕೊಟ್ಟರು. ಮೂರನ್ನೂ ಒಟ್ಟಿಗೆ ಮುಷ್ಟಿಯಲ್ಲಿ ಹಿಡಿದೆ, ಬಿಸಿಯಾಗುವ ತನಕ ಹಿಡಿದಿದ್ದು ವಾಪಸ್ಸು ಕೊಟ್ಟೆ. ನಾವು ಚಹಾ ಕುಡಿದು ಬರುವಷ್ಟರಲ್ಲಿ ಆ ಇನ್ನೊಬ್ಬರು ಬಂದು ಅವನ್ನು ಕೊಂಡೊಯ್ದಿದ್ದರು. ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ನಂಬಬೇಡಿ.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆವು. ಇಬ್ರಾಹಿಂ ಬಾಳೂರಿನಲ್ಲಿ ಇಳಿಯುವಾಗ ಹೆಗಲು ತಟ್ಟಿ, "ನಿನ್ನ ಹೆಂಡ್ತಿಗೆ ಸಲಾಂ ಹೇಳು" ಎಂದ.

ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಸುಮಿತ್ರಾ ನಿಂತಿದ್ದಳು. ಒಳ್ಳೆಯ ಸೀರೆ ಉಟ್ಟು, ಹಣ್ಣುಕಾಯಿಯ ಚೀಲ ಹಿಡಿದು. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಇವತ್ತೇ ಹಾಕಿಬಿಡೋಣ ಅಂತ ಬಂದೆ" ಎಂದಳು. ನಾನು ಹೊರನಾಡಿನ ಬಸ್ಸು ಹತ್ತಿದೆ, ಅವಳು ಹಿಂದೆಯೇ ಹತ್ತಿದಳು.

ದೇವಸ್ಥಾನದಲ್ಲಿ ಜನ ಕಡಿಮೆ ಇದ್ದರು. ಹುಂಡಿಯ ಮುಂದೆ ಡಬ್ಬಿ ತೆರೆದು ಗಂಟನ್ನು ಕೈಗೆ ತೆಗೆದುಕೊಂಡೆ. ಬಟ್ಟೆಯ ಮೇಲಿಂದಲೇ ನಾಣ್ಯದ ಅಂಚು ಬೆರಳಿಗೆ ಸಿಕ್ಕಿತು. ಹಾಕಿದೆ.

ಪಕ್ಕಕ್ಕೆ ತಿರುಗಿದರೆ ಸುಮಿತ್ರಾ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಆಸ್ಪತ್ರೆಯಲ್ಲಿದ್ದಷ್ಟು ದಿನ ನನ್ನ ಮುಂದೆ ಒಂದು ಹನಿ ಕಣ್ಣೀರು ಹಾಕದವಳು, ನಾನು ಬದುಕಿದೆನೆಂದು ಈಗ ಅಳುತ್ತಿದ್ದಳು.